ಸ್ವರ ಅದೇ, ಸುತ್ತಲಿನದೆಲ್ಲ ಬೇರೆ: ಶಾಸ್ತ್ರೀಯ ಸಂಗೀತವನ್ನು ಸರ್ವಾಧಿಕಾರಿಗಳು ಬಳಸಿಕೊಂಡ ಬಗೆ

1942ರ ಏಪ್ರಿಲ್ 19, ಬರ್ಲಿನ್. ಮರುದಿನ ಹಿಟ್ಲರನ ಹುಟ್ಟುಹಬ್ಬ. ಬರ್ಲಿನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ಬೀಥೋವನ್‌ನ ಒಂಬತ್ತನೆಯ ಸಿಂಫನಿಯನ್ನು ನುಡಿಸುತ್ತಿದೆ. ನಿರ್ದೇಶಕರು ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್. ಕೊನೆಯ ಭಾಗದಲ್ಲಿ ಗಾಯಕವೃಂದ ಷಿಲ್ಲರನ ಕವಿತೆಯನ್ನು ಹಾಡುತ್ತದೆ. ಮನುಷ್ಯರೆಲ್ಲ ಸೋದರರಾಗುತ್ತಾರೆ ಎಂಬ ಸಾಲಿರುವುದು ಆ ಕವಿತೆಯಲ್ಲೇ. ಸುದ್ದಿಚಿತ್ರದ ಕ್ಯಾಮೆರಾ ಸ್ವಸ್ತಿಕದ ಬಾವುಟವನ್ನು ತೋರಿಸುತ್ತದೆ, ಪಕ್ಷದ ದೊಡ್ಡವರನ್ನು ತೋರಿಸುತ್ತದೆ, ಗಾಯಗೊಂಡ ಸೈನಿಕರ ಮುಖಗಳ ಮೇಲೆ ನಿಲ್ಲುತ್ತದೆ. ಹಿಟ್ಲರ್ ಸಭೆಯಲ್ಲಿಲ್ಲ, ಯುದ್ಧದ ಮುಖ್ಯ ಠಾಣ್ಯದಲ್ಲಿದ್ದಾನೆ. ಚಪ್ಪಾಳೆಯ ನಡುವೆ ಪ್ರಚಾರ ಮಂತ್ರಿ ಗೊಬೆಲ್ಸ್ ವೇದಿಕೆಯ ಅಂಚಿಗೆ ಬಂದು ಕೈ ಚಾಚುತ್ತಾನೆ. ಫುರ್ಟ್‌ವೆಂಗ್ಲರ್ ಬಗ್ಗಿ ಕೈಕುಲುಕುತ್ತಾರೆ. ಮರುಕ್ಷಣವೇ ಅವರ ಎಡಗೈಯಲ್ಲಿದ್ದ ಕರವಸ್ತ್ರ ಬಲಗೈಗೆ ಬರುತ್ತದೆ. ಅವರು ಆ ಕೈ ಒರೆಸಿಕೊಂಡರು ಎಂದು ಇಂದಿಗೂ ವಾದಿಸುವವರಿದ್ದಾರೆ.

ಇದೇ ನಗರದ ಗ್ರೂನೆವಾಲ್ಡ್ ನಿಲ್ದಾಣದಿಂದ ಯಹೂದಿಗಳನ್ನು ತುಂಬಿಕೊಂಡ ರೈಲುಗಳು 1941ರ ಅಕ್ಟೋಬರ್‌ನಿಂದಲೇ ಪೂರ್ವದ ಕಡೆಗೆ ಹೊರಡುತ್ತಿದ್ದವು.

ಆ ಸಂಜೆ ಬೀಥೋವನ್‌ನ ಒಂದು ಸ್ವರವನ್ನೂ ಯಾರೂ ತಿದ್ದಲಿಲ್ಲ. ಷಿಲ್ಲರನ ಒಂದು ಪದವನ್ನೂ ತೆಗೆಯಲಿಲ್ಲ. ಸಂಗೀತ ಪ್ರಚಾರವಾಗಿ ಮಾರ್ಪಡುವ ರೀತಿಯನ್ನು ತಿಳಿಯಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು. ಪ್ರಭುತ್ವ ಮುಟ್ಟುವುದು ಕೃತಿಯನ್ನಲ್ಲ, ಅದರ ಸುತ್ತಲಿನದನ್ನು: ಯಾವ ದಿನ ನುಡಿಸಬೇಕು, ಯಾರು ನುಡಿಸಬೇಕು, ಯಾರನ್ನು ಹೊರಗಿಡಬೇಕು, ಮುಂದಿನ ಸಾಲಿನಲ್ಲಿ ಯಾರು ಕೂರಬೇಕು, ಕ್ಯಾಮೆರಾ ಎತ್ತ ತಿರುಗಬೇಕು, ಸ್ವರ ಶುರುವಾಗುವ ಮೊದಲು ಯಾರು ಏನು ಹೇಳಬೇಕು.

ಇದಕ್ಕೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೇ ಏಕೆ ಬೇಕಾಯಿತು? ಮೊದಲನೆಯ ಕಾರಣ, ವಾದ್ಯಸಂಗೀತದಲ್ಲಿ ಸಾಹಿತ್ಯವಿಲ್ಲ. ಕಾದಂಬರಿಯನ್ನು ತಿರುಚಬೇಕಾದರೆ ವಾಕ್ಯಗಳು ಅಡ್ಡ ಬರುತ್ತವೆ. ಸಿಂಫನಿ ಯಾವ ಹೆಸರು ಕೊಟ್ಟರೂ ತಕರಾರು ಮಾಡುವುದಿಲ್ಲ. ಎರಡನೆಯದು ಹಿರಿತನ. ನೂರಿನ್ನೂರು ವರ್ಷಗಳಿಂದ ಜನ ಗೌರವಿಸಿಕೊಂಡು ಬಂದ ಕೃತಿಯ ಪಕ್ಕದಲ್ಲಿ ನಿಂತರೆ ನಿನ್ನೆ ಮೊನ್ನೆ ಗದ್ದುಗೆ ಹಿಡಿದವನಿಗೂ ಹಳೆಯ ಮನೆತನದ ಕಳೆ ಬರುತ್ತದೆ. ಮೂರನೆಯ ಕಾರಣದ ಮಾತು ಕಡಿಮೆ ಕೇಳಿಬರುತ್ತದೆ, ಆದರೆ ನಿಜವಾದ ಹಿಡಿತ ಇರುವುದು ಅಲ್ಲಿಯೇ. ಕವಿ ಕವಿತೆ ಬರೆದು ಪೆಟ್ಟಿಗೆಯಲ್ಲಿ ಅಡಗಿಸಿಡಬಹುದು. ಸಿಂಫನಿ ಕೇಳಿಸಬೇಕಾದರೆ ಎಂಬತ್ತು ನೂರು ವಾದಕರು ಬೇಕು, ಸಭಾಂಗಣ ಬೇಕು, ತಾಲೀಮಿಗೆ ದಿನಗಳು ಬೇಕು, ತಿಂಗಳು ತಿಂಗಳು ಸಂಬಳ ಬೇಕು. ಸಂಬಳ ಕೊಡುವವನೇ ಹಗ್ಗದ ತುದಿ ಹಿಡಿದಿರುತ್ತಾನೆ.

ಸದಸ್ಯತ್ವದ ಚೀಟಿ

ನಾಜಿಗಳು ಮೊದಲು ಕೈಹಾಕಿದ್ದು ಹಾಡಿಗಲ್ಲ, ಹೊಟ್ಟೆಪಾಡಿಗೆ. 1933ರ ಏಪ್ರಿಲ್ 7ರ ಸರ್ಕಾರಿ ನೌಕರರ ಕಾಯ್ದೆಯನ್ನು ಮುಂದಿಟ್ಟು ಸರ್ಕಾರಿ ಒಪೆರಾ (ಸಂಗೀತನಾಟಕ) ಮಂದಿರಗಳಿಂದ, ಸಂಗೀತ ವಿದ್ಯಾಲಯಗಳಿಂದ ಯಹೂದಿಗಳನ್ನು ತೆಗೆದುಹಾಕಿದರು. ಸರ್ಕಾರಿ ಸಂಬಳವಿಲ್ಲದವರನ್ನು ಹಿಡಿಯಲು ಅದೇ ವರ್ಷದ ನವೆಂಬರ್‌ನಲ್ಲಿ ರೈಷ್ ಸಂಗೀತ ಮಂಡಳಿ ಬಂತು. ಅಧ್ಯಕ್ಷರು ಆಗಿನ ಜರ್ಮನಿಯ ಅತ್ಯಂತ ಹೆಸರಾಂತ ಸಂಗೀತಕಾರ ರಿಚರ್ಡ್ ಸ್ಟ್ರಾಸ್, ಉಪಾಧ್ಯಕ್ಷರು ಫುರ್ಟ್‌ವೆಂಗ್ಲರ್.

ಈ ಮಂಡಳಿ ನಡೆದ ರೀತಿಯನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಇದರಲ್ಲಿ ಗದ್ದಲವೇ ಇಲ್ಲ. ಸಂಗೀತವನ್ನು ವೃತ್ತಿಯಾಗಿ ಮಾಡುವ ಪ್ರತಿಯೊಬ್ಬರೂ ಸದಸ್ಯರಾಗಬೇಕು: ವಾದಕರು, ಗಾಯಕರು, ಮನೆಪಾಠ ಹೇಳುವವರು, ಹೋಟೆಲಿನಲ್ಲಿ ಪಿಯಾನೋ ನುಡಿಸುವವರು, ಸ್ವರಪುಸ್ತಕ ಅಚ್ಚು ಹಾಕುವವರು. ಸದಸ್ಯತ್ವವಿಲ್ಲದೆ ಹಣ ಪಡೆದು ನುಡಿಸುವಂತಿಲ್ಲ. ಯಹೂದಿಗಳಿಗೆ ಪ್ರವೇಶವಿಲ್ಲ ಎಂದು ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ. ಹತ್ತನೆಯ ಕಲಮಿನಲ್ಲಿದ್ದದ್ದು ಇಷ್ಟೇ: ವೃತ್ತಿಗೆ ಬೇಕಾದ ‘ವಿಶ್ವಾಸಾರ್ಹತೆ ಮತ್ತು ಯೋಗ್ಯತೆ’ ಇಲ್ಲದವರ ಅರ್ಜಿಯನ್ನು ತಿರಸ್ಕರಿಸಬಹುದು. 1935ರಲ್ಲಿ ಯಹೂದಿ ಸಂಗೀತಗಾರರ ಮನೆಗೆ ಹೋದ ಪತ್ರಗಳು ಈ ಕಲಮನ್ನೇ ಉಲ್ಲೇಖಿಸಿದವು. ಅರ್ಜಿ ತಿರಸ್ಕೃತ, ಈ ಕ್ಷಣದಿಂದ ವೃತ್ತಿಯ ಹಕ್ಕಿಲ್ಲ. ಒಂದು ಹಾಳೆ, ಒಂದು ಸಹಿ, ಅಲ್ಲಿಗೆ ಜೀವನ ಮುಗಿಯಿತು.

ಉಳಿದವರು ಏಕೆ ಸುಮ್ಮನಿದ್ದರು ಎಂಬುದಕ್ಕೂ ಉತ್ತರ ಅದೇ ಮಂಡಳಿಯಲ್ಲಿದೆ. ನಿರುದ್ಯೋಗದಲ್ಲಿ ಬಸವಳಿದಿದ್ದ ವಾದಕರಿಗೆ ನಿಗದಿತ ಸಂಭಾವನೆ, ವೃದ್ಧಾಪ್ಯದ ನೆರವು, ಅರೆಬರೆ ಕಲಿತವರ ಪೈಪೋಟಿಯಿಂದ ರಕ್ಷಣೆ, ಇವೆಲ್ಲವನ್ನೂ ಅದು ಮುಂದಿಟ್ಟಿತು. ಸ್ಟ್ರಾಸ್ ಬಹುಕಾಲದಿಂದ ಕೇಳುತ್ತಿದ್ದ ಹಕ್ಕುಸ್ವಾಮ್ಯದ ವಿಸ್ತರಣೆಯೂ ಸಿಕ್ಕಿತು. ಲೇಖಕನ ಮರಣದ ನಂತರ 30 ವರ್ಷವಿದ್ದದ್ದು 1934ರ ಡಿಸೆಂಬರ್‌ನಲ್ಲಿ 50 ಆಯಿತು. ಸಾಲದಲ್ಲಿ ಮುಳುಗುತ್ತಿದ್ದ ಬರ್ಲಿನ್ ಫಿಲ್‌ಹಾರ್ಮೋನಿಕ್ ಅನ್ನು ಸರ್ಕಾರ 1934ರಲ್ಲಿ ತನ್ನದಾಗಿಸಿಕೊಂಡು ಗೊಬೆಲ್ಸ್‌ನ ಇಲಾಖೆಗೆ ಕೊಟ್ಟಿತು. ಯುದ್ಧ ಬಂದಾಗ ಅದರ ವಾದಕರಿಗೆ ಸೇನೆಗೆ ಸೇರುವುದರಿಂದ ವಿನಾಯಿತಿ ದೊರೆಯಿತು. ಪ್ರತಿಯಾಗಿ ಅವರು ಆಕ್ರಮಿತ ದೇಶಗಳಲ್ಲಿ ಜರ್ಮನಿಯ ಸಂಸ್ಕೃತಿಯ ಮುಖವಾಗಿ ನುಡಿಸಬೇಕಿತ್ತು. ಅದೇ ವಾದ್ಯವೃಂದದ ಮೊದಲ ಪಿಟೀಲುವಾದಕರಾಗಿದ್ದ ಶಿಮೋನ್ ಗೋಲ್ಡ್‌ಬರ್ಗ್, ಯಹೂದಿ ಎಂಬ ಕಾರಣಕ್ಕೆ, 1934ರಲ್ಲೇ ಹೊರನಡೆಯಬೇಕಾಯಿತು.

ಹೆಸರಿದ್ದವರಿಗೂ ರಕ್ಷಣೆ ಇರಲಿಲ್ಲ. ಸ್ಟ್ರಾಸ್ ತಮ್ಮ ಒಪೆರಾಕ್ಕೆ ಸಾಹಿತ್ಯ ಬರೆದ ಯಹೂದಿ ಲೇಖಕ ಸ್ಟೆಫಾನ್ ಜ್ವೈಗ್‌ಗೆ 1935ರ ಜೂನ್‌ನಲ್ಲಿ ಒಂದು ಪತ್ರ ಬರೆದರು. ತಾನು ಅಧ್ಯಕ್ಷನ ವೇಷ ಕಟ್ಟಿದ್ದೇನೆ ಅಷ್ಟೇ ಎಂಬ ಧಾಟಿಯ ಆ ಪತ್ರ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಕೈಗೆ ಸಿಕ್ಕಿತು. ಮುಂದಿನ ತಿಂಗಳೇ ‘ಅನಾರೋಗ್ಯ’ದ ಕಾರಣ ಕೊಟ್ಟು ಅವರು ರಾಜೀನಾಮೆ ಕೊಡಬೇಕಾಯಿತು. ಆ ಒಪೆರಾ ಡ್ರೆಸ್ಡೆನ್‌ನಲ್ಲಿ ಕೆಲವೇ ಪ್ರದರ್ಶನ ಕಂಡು ನಿಂತುಹೋಯಿತು.

ಸತ್ತವರ ದಾಖಲೆ ತಿದ್ದುವುದು

ಬದುಕಿದ್ದವರನ್ನು ಚೀಟಿಯಿಂದ ಹಿಡಿದರು. ಸತ್ತ ಸಂಗೀತಕಾರರ ವಿಷಯ ಅಷ್ಟು ಸಲೀಸಾಗಿರಲಿಲ್ಲ. ವಾಲ್ಟ್ಸ್ ಎಂಬ ನೃತ್ಯಸಂಗೀತದ ಒಡೆಯ, ಹಿಂದಿನ ಶತಮಾನದ ಯೊಹಾನ್ ಸ್ಟ್ರಾಸ್‌ನ ಮುತ್ತಜ್ಜನ ತಲೆಮಾರಿನಲ್ಲಿ ಯಹೂದಿ ಮೂಲವಿತ್ತು. ವಿಯೆನ್ನಾದ ಸಂತ ಸ್ಟೀಫನ್ ಚರ್ಚಿನ 1762ರ ಮದುವೆ ಪುಸ್ತಕ ಅದನ್ನು ಹೇಳುತ್ತಿತ್ತು. ಆದರೆ ಜರ್ಮನ್ ರೇಡಿಯೋ ಆ ವಾಲ್ಟ್ಸ್‌ಗಳನ್ನು ಬಿಡುವಂತಿರಲಿಲ್ಲ, ಅಷ್ಟು ಜನಪ್ರಿಯ. 1941ರಲ್ಲಿ ಆ ಪುಸ್ತಕವನ್ನೇ ಬರ್ಲಿನ್‌ಗೆ ತರಿಸಿಕೊಂಡು, ಆ ನಮೂದು ಕಾಣದಂತೆ ನಕಲು ಪ್ರತಿ ತಯಾರಿಸಿ, ಮೂಲವನ್ನು ಮುಚ್ಚಿಟ್ಟು, ನಕಲನ್ನು ಚರ್ಚಿಗೆ ಮರಳಿಸಿದರು.

ಮೊಝಾರ್ಟ್‌ನ ತೊಡಕು ಇನ್ನೂ ದೊಡ್ಡದು. ಅವನ ಮೂರು ಪ್ರಸಿದ್ಧ ಇಟಾಲಿಯನ್ ಒಪೆರಾಗಳ ಸಾಹಿತ್ಯ ಬರೆದ ಲೊರೆಂಜೊ ದ ಪೊಂಟೆ ಹುಟ್ಟಿನಿಂದ ಯಹೂದಿ. ಜರ್ಮನಿಯಲ್ಲಿ ಅವನ್ನು ಹಾಡುತ್ತಿದ್ದ ಜರ್ಮನ್ ಅನುವಾದ ಹೆರ್ಮನ್ ಲೆವಿ ಅವರದ್ದು, ಅವರೂ ಯಹೂದಿ. ಮೊಝಾರ್ಟ್‌ನನ್ನು ಬಿಡಲಾಗದೆ ಅನುವಾದವನ್ನೇ ಹೊಸದಾಗಿ ಬರೆಸಿದರು. ಹ್ಯಾಂಡೆಲ್‌ನ ಜೂಡಾಸ್ ಮ್ಯಾಕಬೀಯಸ್ ಯಹೂದಿ ವೀರನ ಕಥೆ. ಸಂಗೀತ ಉಳಿಸಿಕೊಂಡು ಸಾಹಿತ್ಯವನ್ನು ಡಚ್ ರಾಜಕುವರ ವಿಲಿಯಮ್‌ನ ಕಥೆಯಾಗಿ ಬದಲಿಸಿದರು. ಸಾಹಿತ್ಯವಿರುವ ಸಂಗೀತ ಪ್ರಭುತ್ವಕ್ಕೆ ಎಷ್ಟು ಕಿರಿಕಿರಿ ಎಂಬುದು ಇಲ್ಲಿ ಕಾಣುತ್ತದೆ.

ಯಹೂದಿ ಮನೆತನದಲ್ಲಿ ಹುಟ್ಟಿದ ಸಂಗೀತಕಾರ ಮೆಂಡೆಲ್‌ಸನ್‌ಗೆ ಮಾತ್ರ ಯಾವ ದಾರಿಯೂ ಸಿಗಲಿಲ್ಲ. ಲೈಪ್‌ಜಿಗ್‌ನ ಸಭಾಂಗಣದ ಎದುರಿದ್ದ ಅವನ ಪ್ರತಿಮೆಯನ್ನು 1936ರ ನವೆಂಬರ್‌ನಲ್ಲಿ, ಮೇಯರ್ ಗೋರ್ಡೆಲರ್ ಊರಲ್ಲಿಲ್ಲದ ಹೊತ್ತು ನೋಡಿ, ಕಿತ್ತುಹಾಕಿದರು. ಅದನ್ನು ಮರಳಿ ನಿಲ್ಲಿಸಲಾಗದೆ ಗೋರ್ಡೆಲರ್ ಹುದ್ದೆ ಬಿಟ್ಟರು.

ಹೊರಗೆ ತಳ್ಳಿದವರಿಗೂ ಯಾವ ಸಂಗೀತ ನುಡಿಸಬಹುದು ಎಂದು ಅಪ್ಪಣೆ ಇತ್ತು. ಕೆಲಸ ಕಳೆದುಕೊಂಡ ಯಹೂದಿ ಕಲಾವಿದರು ಯಹೂದಿ ಪ್ರೇಕ್ಷಕರಿಗಾಗಿ ಮಾತ್ರ ನಡೆಸಬಹುದಾಗಿದ್ದ ಸಾಂಸ್ಕೃತಿಕ ಸಂಘದಲ್ಲಿ ಮೊದಲು ಬೀಥೋವನ್ ನಿಷೇಧವಾಯಿತು. 1938ರಲ್ಲಿ ಆಸ್ಟ್ರಿಯಾ ಜರ್ಮನಿಯ ಪಾಲಾದ ಮೇಲೆ ಮೊಝಾರ್ಟ್ ಕೂಡ ‘ಜರ್ಮನ್’ ಆದ, ಅವನೂ ನಿಷಿದ್ಧ. ಆಸ್ಟ್ರಿಯಾವನ್ನು ನುಂಗುವ ಮುನ್ಸೂಚನೆಯೂ ಸಂಗೀತದ ಮೂಲಕವೇ ಬಂದಿತ್ತು. 1937ರ ಜೂನ್ 6ರಂದು ಆಸ್ಟ್ರಿಯಾದ ಸಂಗೀತಕಾರ ಬ್ರುಕ್ನರ್‌ನ ಶಿಲಾಮೂರ್ತಿಯನ್ನು ಜರ್ಮನ್ ಮಹನೀಯರ ಸ್ಮಾರಕವಾದ ವಾಲ್‌ಹಾಲಾದಲ್ಲಿ ಹಿಟ್ಲರನ ಎದುರಿಗೆ ಅನಾವರಣ ಮಾಡಿದರು. ಒಂಬತ್ತು ತಿಂಗಳ ಬಳಿಕ ಸೇನೆ ಗಡಿ ದಾಟಿತು.

ರೇಡಿಯೋದ ಹತ್ತು ಸೆಕೆಂಡು

ಪೂರ್ತಿ ಸಿಂಫನಿ ಕೇಳುವವರು ಎಂದಿಗೂ ಕಡಿಮೆ. ಹೆಚ್ಚು ಜನರನ್ನು ತಲುಪಿದ್ದು ತುಣುಕುಗಳು. 1941ರ ಜೂನ್‌ನಲ್ಲಿ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಶುರುವಾದಾಗಿನಿಂದ ಪೂರ್ವ ರಣರಂಗದ ವಿಶೇಷ ಸುದ್ದಿಗೆ ಮುನ್ನ ಜರ್ಮನ್ ರೇಡಿಯೋ ಲಿಸ್ಟ್‌ನ ‘ಲೆ ಪ್ರೆಲ್ಯೂಡ್’ ಕೃತಿಯ ಹಿತ್ತಾಳೆ ವಾದ್ಯಗಳ ಕೆಲವೇ ಸಾಲುಗಳನ್ನು ಬಿತ್ತರಿಸುತ್ತಿತ್ತು. ಸುದ್ದಿ ಏನು ಎಂದು ತಿಳಿಯುವ ಮೊದಲೇ ಮನಸ್ಸು ಗೆಲುವಿನ ಹದಕ್ಕೆ ಬರಬೇಕು, ಉದ್ದೇಶ ಅದು. ಪದೇ ಪದೇ ಜೋಡಿಸಿ ಕೇಳಿಸಿದರೆ ಸ್ವರಕ್ಕೂ ಸುದ್ದಿಗೂ ಗಂಟು ಬೀಳುತ್ತದೆ. ಬಿಚ್ಚಲು ಆಮೇಲೆ ತಲೆಮಾರುಗಳೇ ಬೇಕಾಗುತ್ತವೆ. ಸೋಲಿಗೂ ಸಂಗೀತ ಸಿದ್ಧವಿತ್ತು. 1943ರ ಫೆಬ್ರವರಿ 3ರಂದು ಸ್ಟಾಲಿನ್‌ಗ್ರಾಡ್ ಕೈಬಿಟ್ಟ ಸುದ್ದಿಯ ಜೊತೆ ಬೀಥೋವನ್‌ನ ಐದನೆಯ ಸಿಂಫನಿಯ ನಿಧಾನದ ಭಾಗ ಕೇಳಿಬಂತು. 1945ರ ಮೇ 1ರಂದು ಹಿಟ್ಲರನ ಸಾವನ್ನು ಪ್ರಕಟಿಸುವ ಮುನ್ನ ಹ್ಯಾಂಬರ್ಗ್ ರೇಡಿಯೋ ಬ್ರುಕ್ನರ್‌ನ ಏಳನೆಯ ಸಿಂಫನಿಯ ಅಡಾಜಿಯೋ, ಅಂದರೆ ನಿಧಾನದ ಭಾಗ, ಹಾಕಿತು. ಆತ್ಮಹತ್ಯೆಯನ್ನು ಹೋರಾಡುತ್ತಾ ಮಡಿದ ವೀರಮರಣ ಎಂದು ಬಿಂಬಿಸುವ ಕೆಲಸದಲ್ಲಿ ಅರ್ಧವನ್ನು ಆ ಶೋಕಸ್ವರಗಳೇ ಮಾಡಿದವು.

ಆದರೆ ಗಂಟು ಹಾಕುವ ಈ ತಂತ್ರ ಯಾರೊಬ್ಬರ ಸ್ವತ್ತೂ ಅಲ್ಲ. ಬೀಥೋವನ್‌ನ ಐದನೆಯ ಸಿಂಫನಿ ಶುರುವಾಗುವುದೇ ಮೂರು ಗಿಡ್ಡ, ಒಂದು ಉದ್ದ ಸ್ವರದಿಂದ. ಮೋರ್ಸ್ ಸಂಕೇತದಲ್ಲಿ ಅದು ವಿ ಅಕ್ಷರ, ವಿಜಯದ ವಿ. 1941ರಿಂದ ಬಿಬಿಸಿ ಅದನ್ನೇ ಆಕ್ರಮಿತ ಯೂರೋಪಿಗೆ ಬಿತ್ತರಿಸಿತು. ಜರ್ಮನಿಯ ಹೆಮ್ಮೆಯ ಸಂಗೀತಕಾರ ಜರ್ಮನಿಯ ಸೋಲಿನ ಕರೆಗಂಟೆಯಾದ.

ಬೆಣ್ಣೆಯೂ ದೊಣ್ಣೆಯೂ

ಸ್ಟಾಲಿನ್‌ನ ವ್ಯವಸ್ಥೆಯಲ್ಲಿ ಭಯ ಇನ್ನೊಂದು ಬಗೆಯದು: ನಿಯಮ ಏನೆಂದೇ ಯಾರಿಗೂ ತಿಳಿಯದು. ಸೋವಿಯತ್ ಸಂಗೀತಕಾರ ಶೋಸ್ಟಕೋವಿಚ್ ಅವರ ‘ಮ್ಟ್ಸೆನ್ಸ್ಕ್‌ನ ಲೇಡಿ ಮ್ಯಾಕ್‌ಬೆತ್’ ಒಪೆರಾ 1934ರ ಜನವರಿಯಿಂದ ಎರಡು ವರ್ಷ ಭರ್ಜರಿಯಾಗಿ ನಡೆಯಿತು. 1936ರ ಜನವರಿ 26ರಂದು ಸ್ಟಾಲಿನ್ ಅದನ್ನು ನೋಡಿ ನಡುವೆಯೇ ಎದ್ದುಹೋದ. ಎರಡು ದಿನ ಬಿಟ್ಟು ಪ್ರಾವ್ದಾ ಪತ್ರಿಕೆಯಲ್ಲಿ ‘ಸಂಗೀತದ ಬದಲು ಗೊಂದಲ’ ಎಂಬ ಸಹಿಯಿಲ್ಲದ ಲೇಖನ ಬಂತು. ನಿನ್ನೆಯವರೆಗೆ ಹೊಗಳಿದವರೆಲ್ಲ ಸಭೆ ಸೇರಿ ತೆಗಳಿದರು. ಶೋಸ್ಟಕೋವಿಚ್ ತಮ್ಮ ನಾಲ್ಕನೆಯ ಸಿಂಫನಿಯನ್ನು ತಾಲೀಮಿನ ಹಂತದಲ್ಲಿ ಹಿಂತೆಗೆದುಕೊಂಡರು. ಅದು ಮೊದಲು ಕೇಳಿಸಿದ್ದು 1961ರ ಡಿಸೆಂಬರ್‌ನಲ್ಲಿ, 25 ವರ್ಷಗಳ ನಂತರ.

ದೊಣ್ಣೆಯ ಜೊತೆ ಬೆಣ್ಣೆಯೂ ಇತ್ತು. ಅದೇ ಶೋಸ್ಟಕೋವಿಚ್ ಅವರ ಪಿಯಾನೋ ಕ್ವಿಂಟೆಟ್‌ಗೆ (ಪಿಯಾನೋ ಮತ್ತು ನಾಲ್ಕು ತಂತಿವಾದ್ಯಗಳ ಕೃತಿ) 1941ರಲ್ಲಿ 1,00,000 ರೂಬಲ್‌ನ ಸ್ಟಾಲಿನ್ ಪ್ರಶಸ್ತಿ. 1948ರ ಫೆಬ್ರವರಿಯಲ್ಲಿ ಪಕ್ಷದ ನಿರ್ಣಯ ಸಂಗೀತಕಾರರಾದ ಪ್ರೊಕೋಫಿಯೆವ್, ಖಚತುರಿಯನ್ ಜೊತೆ ಅವರನ್ನೂ ಹೆಸರಿಸಿ ಖಂಡಿಸಿತು. ಎಂಟನೆಯ, ಒಂಬತ್ತನೆಯ ಸಿಂಫನಿಗಳು ನಿಷೇಧದ ಪಟ್ಟಿಗೆ ಸೇರಿದವು. ಪಾಠ ಹೇಳುವ ಕೆಲಸವೂ ಹೋಯಿತು. ಮರುವರ್ಷದ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಶಾಂತಿ ಸಮ್ಮೇಳನಕ್ಕೆ ಅವರನ್ನೇ ಕಳಿಸಬೇಕಾಗಿ ಬಂದಾಗ ಸ್ಟಾಲಿನ್ ಖುದ್ದಾಗಿ ಫೋನ್ ಮಾಡಿದ. ಇಲ್ಲಿ ನನ್ನ ಕೃತಿಗಳನ್ನೇ ನುಡಿಸುತ್ತಿಲ್ಲ, ಅಲ್ಲಿ ಕೇಳಿದರೆ ಏನು ಹೇಳಲಿ ಎಂದರು ಶೋಸ್ಟಕೋವಿಚ್. ನಿಷೇಧದ ಆದೇಶ ಅಂದೇ ರದ್ದಾಯಿತು. ನ್ಯೂಯಾರ್ಕಿನಲ್ಲಿ ಅವರ ಹೆಸರಿನ ಭಾಷಣವನ್ನು ದುಭಾಷಿ ಓದಿದ. ದೇಶ ಬಿಟ್ಟಿದ್ದ ರಷ್ಯನ್ ಸಂಗೀತಕಾರ ಸ್ಟ್ರಾವಿನ್ಸ್ಕಿಯಂಥವರ ಮೇಲಿನ ಪಕ್ಷದ ಖಂಡನೆಯನ್ನು ನೀವು ಒಪ್ಪುತ್ತೀರಾ ಎಂದು ಅಮೆರಿಕದಲ್ಲಿ ನೆಲೆಸಿದ್ದ ರಷ್ಯನ್ ಮೂಲದ ಸಂಗೀತಕಾರ ನಿಕೊಲಾಸ್ ನಬೊಕೊವ್ ಎದ್ದು ಕೇಳಿದರು. ಪೂರ್ತಿ ಒಪ್ಪುತ್ತೇನೆ ಎಂಬ ಉತ್ತರ ಬಂತು. ಬೇರೆ ಉತ್ತರ ಕೊಟ್ಟು ಮನೆಗೆ ಮರಳುವುದು ಹೇಗೆ?

ಕೇಳಿದ ನಬೊಕೊವ್ ಮುಂದೆ ಮುನ್ನಡೆಸಿದ ಸಾಂಸ್ಕೃತಿಕ ಸ್ವಾತಂತ್ರ್ಯ ಸಂಘಟನೆಗೆ ಅಮೆರಿಕದ ಸಿಐಎ ಗುಟ್ಟಾಗಿ ಹಣ ಕೊಡುತ್ತಿತ್ತು ಎಂಬುದನ್ನೂ ಹೇಳಲೇಬೇಕು. 1952ರಲ್ಲಿ ಬಾಸ್ಟನ್ ಸಿಂಫನಿ ವಾದ್ಯವೃಂದ ಪ್ಯಾರಿಸ್‌ನಲ್ಲಿ ನುಡಿಸಿದ ಉತ್ಸವ ಆ ಸಂಘಟನೆಯದೇ. ಸಂಗೀತವನ್ನು ರಾಜಕೀಯಕ್ಕೆ ಬಳಸದ ಸರ್ಕಾರ ಹುಡುಕಿದರೂ ಸಿಗದು. ಆದರೆ ಒಲ್ಲೆ ಎಂದವನ ಗತಿ ಏನಾಗುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ, ಅದು ಸಣ್ಣ ವ್ಯತ್ಯಾಸವಲ್ಲ.

ಲೆನಿನ್‌ಗ್ರಾಡ್‌ನ ಕಥೆಯನ್ನು ಬರಿಯ ಪ್ರಚಾರ ಎಂದು ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ. ಶೋಸ್ಟಕೋವಿಚ್ ಅವರ ಏಳನೆಯ ಸಿಂಫನಿ 1942ರ ಮಾರ್ಚ್ 5ರಂದು ಕುಯ್ಬಿಶೆವ್‌ನಲ್ಲಿ ಮೊದಲು ಕೇಳಿಸಿತು. ಸ್ವರಪುಸ್ತಕ ಮೈಕ್ರೋಫಿಲ್ಮ್ ಆಗಿ ಟೆಹರಾನ್, ಕೈರೋ ದಾಟಿ ಅಮೆರಿಕ ತಲುಪಿತು. ಜುಲೈ 19ರಂದು ಇಟಲಿಯ ಹೆಸರಾಂತ ನಿರ್ದೇಶಕ ಟೊಸ್ಕನೀನಿ ಅದನ್ನು ರೇಡಿಯೋದಲ್ಲಿ ನಡೆಸಿದರು. ಮುತ್ತಿಗೆಯೊಳಗಿನ ಲೆನಿನ್‌ಗ್ರಾಡ್‌ನಲ್ಲಿ ಅದನ್ನು ನುಡಿಸಲು ಉಳಿದಿದ್ದದ್ದು ರೇಡಿಯೋ ವಾದ್ಯವೃಂದ ಒಂದೇ. ಅದರಲ್ಲಿ ನುಡಿಸುವ ಸ್ಥಿತಿಯಲ್ಲಿದ್ದವರು ಹದಿನೈದು ಜನ; ಕೃತಿಗೆ ಬೇಕಾದವರು ನೂರರಷ್ಟು. ಮಾರ್ಚ್ ಕೊನೆಯಲ್ಲಿ ವಾದ್ಯವೃಂದ ಮತ್ತೆ ಸೇರಿದಾಗ ಮೂರು ಗಂಟೆಯ ತಾಲೀಮು ಹದಿನೈದು ನಿಮಿಷಕ್ಕೇ ನಿಂತಿತು. ಹಸಿದ ದೇಹದಲ್ಲಿ ತುತ್ತೂರಿ ಊದುವಷ್ಟು ಉಸಿರೇ ಇರಲಿಲ್ಲ. ವಾದಕರಿಗೆ ಹೆಚ್ಚುವರಿ ಪಡಿತರ ಮಂಜೂರಾಯಿತು, ರಣರಂಗದ ಸೇನಾ ಬ್ಯಾಂಡುಗಳಿಂದ ಊದುವವರನ್ನು ಕರೆತಂದರು. ಆಗಸ್ಟ್ 9ರಂದು ಕಾರ್ಲ್ ಎಲಿಯಾಸ್ಬರ್ಗ್ ನಿರ್ದೇಶನದಲ್ಲಿ ಸಿಂಫನಿ ನಡೆಯಿತು. ಅದಕ್ಕೆ ಮುನ್ನ ಸೋವಿಯತ್ ಫಿರಂಗಿಗಳು ಜರ್ಮನ್ ತೋಪುಗಳನ್ನು ಹುಡುಕಿ ಹೊಡೆದು ಸುಮ್ಮನಾಗಿಸಿದ್ದವು. ಧ್ವನಿವರ್ಧಕಗಳು ಸಂಗೀತವನ್ನು ನಗರಕ್ಕೂ ಶತ್ರುವಿನ ಕಂದಕಗಳ ಕಡೆಗೂ ಕೇಳಿಸಿದವು.

ಆ ವಾದಕರ ಹಸಿವು ನಿಜ, ಕೇಳಿ ಅತ್ತವರ ಕಣ್ಣೀರು ನಿಜ, ಪ್ರಭುತ್ವ ಹಾಕಿದ್ದ ಲೆಕ್ಕಾಚಾರವೂ ನಿಜ. ಮೂರೂ ಒಂದೇ ಸಂಜೆಯಲ್ಲಿದ್ದವು.

ಹೂಕುಂಡಗಳ ಹಿಂದೆ

ಥೆರೆಸಿಯನ್‌ಷ್ಟಾಟ್‌ನಲ್ಲಿ ನಾಜಿಗಳು ಮಾಡಿದ್ದು ಇದೆಲ್ಲದರ ಕಡೆಯ ಮೆಟ್ಟಿಲು. 1944ರ ಜೂನ್ 23ರಂದು ರೆಡ್‌ಕ್ರಾಸ್ ತಂಡ ಆ ಯಹೂದಿ ಬಂದಿಗಳ ಊರಿಗೆ ಬಂದಾಗ ಬಣ್ಣ ಬಳಿದ ಮನೆಗಳ ಜೊತೆ ಸಂಗೀತವೂ ಸಿದ್ಧವಿತ್ತು. ಬಂದಿಗಳು ಸತ್ತವರಿಗಾಗಿ ಹಾಡುವ ಪ್ರಾರ್ಥನಾಗೀತೆಯಾದ ವೆರ್ಡಿಯ ರಿಕ್ವಿಯೆಮ್ ಹಾಡಿದರು, ಮಕ್ಕಳು ಹಾನ್ಸ್ ಕ್ರಾಸಾ ಅವರ ‘ಬ್ರುಂಡಿಬಾರ್’ ಒಪೆರಾ ಆಡಿದರು. ಬಳಿಕ ಪ್ರಚಾರ ಚಿತ್ರದ ಶೂಟಿಂಗ್ ನಡೆಯಿತು. ಅದರಲ್ಲಿ ಕಾರೆಲ್ ಆಂಚೆರ್ಲ್ ಕಪ್ಪು ಸೂಟ್ ತೊಟ್ಟು ಪಾವೆಲ್ ಹಾಸ್ ಅವರ ತಂತಿವಾದ್ಯಗಳ ಕೃತಿಯನ್ನು ನಿರ್ದೇಶಿಸುತ್ತಾರೆ. ಕಾಲಲ್ಲಿದ್ದ ಮರದ ಪಾದರಕ್ಷೆ ಕಾಣದಂತೆ ವೇದಿಕೆಯ ಅಂಚಿಗೆ ಹೂಕುಂಡ ಜೋಡಿಸಿದ್ದರು. ಚಪ್ಪಾಳೆಗೆ ಹಾಸ್ ಎದ್ದು ಬಾಗುವ ದೃಶ್ಯವೂ ಇದೆ. ಅಕ್ಟೋಬರ್ 16ರ ರೈಲಿನಲ್ಲಿ ಹಾಸ್, ಕ್ರಾಸಾ, ವಿಕ್ಟರ್ ಉಲ್‌ಮನ್ ಎಲ್ಲರನ್ನೂ ಔಷ್ವಿಟ್ಜ್‌ಗೆ ಸಾಗಿಸಿ ಕೊಂದರು. ಆಂಚೆರ್ಲ್ ಬದುಕುಳಿದರು.

ಹಿಡಿತ ಜಾರುವುದು ಎಲ್ಲಿ

ಸಾಹಿತ್ಯವಿಲ್ಲದ ಸಂಗೀತಕ್ಕೆ ಯಾವ ಅರ್ಥ ಬೇಕಾದರೂ ಅಂಟಿಸಬಹುದು ಎಂಬುದು ಪ್ರಭುತ್ವದ ಅನುಕೂಲ. ಅದೇ ಅದರ ತೊಂದರೆಯೂ ಹೌದು, ಏಕೆಂದರೆ ಕೇಳುವವನೂ ತನ್ನ ಅರ್ಥ ಅಂಟಿಸಿಕೊಳ್ಳುತ್ತಾನೆ. ಶೋಸ್ಟಕೋವಿಚ್ ಅವರ ಐದನೆಯ ಸಿಂಫನಿಯನ್ನು 1937ರಲ್ಲಿ ಪಕ್ಷ ಪಶ್ಚಾತ್ತಾಪದ ಕೃತಿ ಎಂದು ಸ್ವೀಕರಿಸಿತು. ಅದರ ಕೊನೆಯ ಪುಟಗಳಿಗೆ ಮುದ್ರಿತ ಪ್ರತಿಗಳಲ್ಲೇ ಎರಡು ವೇಗಗಳಿವೆ, ಒಂದು ಇನ್ನೊಂದರ ಸುಮಾರು ಎರಡು ಪಟ್ಟು. ವೇಗವಾಗಿ ನುಡಿಸಿದರೆ ವಿಜಯೋತ್ಸವ. ನಿಧಾನವಾಗಿ ನುಡಿಸಿದರೆ ಅದದೇ ಸ್ವರವನ್ನು ತಲೆಯ ಮೇಲೆ ಬಡಿದು ನಗು ಎಂದು ಬಲವಂತ ಮಾಡಿದಂತೆ ಕೇಳುತ್ತದೆ. ಯಾವ ಅಧಿಕಾರಿಯೂ ಇದನ್ನು ಸಾಕ್ಷಿಯಾಗಿ ಹಿಡಿಯಲಾರ.

ಚೀನಾದ ಸಾಂಸ್ಕೃತಿಕ ಕ್ರಾಂತಿಯ ನಾಯಕರಿಗೆ ಈ ಅಪಾಯ ಚೆನ್ನಾಗಿ ಗೊತ್ತಿತ್ತು. ಪಾಶ್ಚಾತ್ಯ ವಾದ್ಯಗಳನ್ನು ಉಳಿಸಿಕೊಂಡರು, ಆದರೆ ಅರ್ಥವನ್ನು ಬಿಗಿಯಾಗಿ ಕಟ್ಟಿದರು. ಸಮಿತಿಯೊಂದು ಕೂತು ರಚಿಸಿದ ‘ಹಳದಿ ನದಿ’ ಪಿಯಾನೋ ಕಾನ್ಸೆರ್ಟೊದ ಕೊನೆಯಲ್ಲಿ ಮಾವೋ ಸ್ತುತಿಯ ‘ಪೂರ್ವ ಕೆಂಪಾಗಿದೆ’ ಹಾಡಿನ ಧಾಟಿ ಬರುತ್ತದೆ, ಬೇರೆ ಅರ್ಥಕ್ಕೆ ಜಾಗವೇ ಇರಬಾರದು. 1973ರಲ್ಲಿ ಫಿಲಡೆಲ್ಫಿಯಾ ವಾದ್ಯವೃಂದ ಬಂದಾಗ ಮಾವೋ ಪತ್ನಿ ಜಿಯಾಂಗ್ ಚಿಂಗ್ ಬೀಥೋವನ್‌ನ ಆರನೆಯ ಸಿಂಫನಿಯನ್ನೇ ನುಡಿಸಬೇಕೆಂದು ಹಟ ಹಿಡಿದಳು. ಹಳ್ಳಿ, ಹೊಳೆ, ರೈತರ ಕುಣಿತ ಎಂದು ಶೀರ್ಷಿಕೆಗಳಿರುವ ಸಿಂಫನಿ ಅದು. ತಂಡ ಅದರ ಸ್ವರಹಾಳೆಗಳನ್ನು ತಂದಿರಲಿಲ್ಲ, ಅಲ್ಲಿ ಸಿಕ್ಕ ಹಾಳೆಗಳನ್ನೇ ಹೊಂದಿಸಿಕೊಂಡು ನುಡಿಸಬೇಕಾಯಿತು. ಮರುವರ್ಷದ ಜನವರಿಯಲ್ಲಿ ಚೀನಾದ ಪತ್ರಿಕೆಗಳಲ್ಲಿ ‘ಶೀರ್ಷಿಕೆಯಿಲ್ಲದ ಸಂಗೀತ’ದ ವಿರುದ್ಧವೇ ಅಭಿಯಾನ ಶುರುವಾಯಿತು.

1991ರ ಆಗಸ್ಟ್ 19ರಂದು ಮಾಸ್ಕೋದಲ್ಲಿ ಸಂಚುಕೋರರು ಅಧಿಕಾರ ಹಿಡಿಯಲು ಹೊರಟಾಗ ಸರ್ಕಾರಿ ಟಿವಿ ಚೈಕೋವ್ಸ್ಕಿಯ ‘ಸ್ವಾನ್ ಲೇಕ್’ ತೋರಿಸಿತು. ಜನರನ್ನು ಸುಮ್ಮನಿರಿಸಲು ಹಾಕಿದ ಬ್ಯಾಲೆ ಏನೋ ಅನಾಹುತವಾಗಿದೆ ಎಂಬ ಸೂಚನೆಯೇ ಆಗಿಬಿಟ್ಟಿತು. 2022ರ ಮಾರ್ಚ್‌ನಲ್ಲಿ ರಷ್ಯದ ಸ್ವತಂತ್ರ ವಾಹಿನಿ ದೋಜ್ದ್ ಪ್ರಸಾರ ನಿಲ್ಲಿಸುವಾಗ ಕೊನೆಗೆ ತೋರಿಸಿದ್ದು ಅದೇ ಹಂಸಗಳನ್ನು.

ಈಗಲೂ

2016ರ ಮೇ 5ರಂದು ರಷ್ಯದ ನಿರ್ದೇಶಕ ವಲೇರಿ ಗೆರ್ಗಿಯೆವ್ ಸಿರಿಯಾದ ಪಾಲ್ಮೈರಾದಲ್ಲಿ ರೋಮನ್ ಕಾಲದ ರಂಗಮಂದಿರದೊಳಗೆ ಮರಿಯಿನ್ಸ್ಕಿ ವಾದ್ಯವೃಂದವನ್ನು ನಡೆಸಿದರು. ಐಸಿಸ್ ಉಗ್ರರು ಜನರನ್ನು ಕೊಂದಿದ್ದ ಜಾಗ ಅದು. ಬಾಖ್‌ನ ಶಾಕೋನ್, ಪ್ರೊಕೋಫಿಯೆವ್ ಅವರ ಮೊದಲ ಸಿಂಫನಿ, ಎರಡೂ ನಿರ್ಮಲ ಕೃತಿಗಳು. ಮುನ್ನುಡಿಯಾಗಿ ಪುಟಿನ್ ಅವರ ಮಾತು ಪರದೆಯ ಮೇಲೆ ನೇರವಾಗಿ ಬಂತು. ಕ್ಯಾಮೆರಾ ಸಮವಸ್ತ್ರದಲ್ಲಿದ್ದ ಸೈನಿಕರನ್ನು ತೋರಿಸಿತು. ಸಿರಿಯಾದ ಬೇರೆ ಊರುಗಳ ಮೇಲೆ ರಷ್ಯದ ಬಾಂಬುಗಳು ಬೀಳುತ್ತಿದ್ದದ್ದು ಆ ಚೌಕಟ್ಟಿನಲ್ಲಿರಲಿಲ್ಲ. ಆರು ವರ್ಷದ ನಂತರ ಉಕ್ರೇನ್ ಮೇಲಿನ ದಾಳಿಯನ್ನು ಖಂಡಿಸಲು ಒಪ್ಪದ ಗೆರ್ಗಿಯೆವ್ ಅವರನ್ನು ಮ್ಯೂನಿಕ್ ಫಿಲ್‌ಹಾರ್ಮೋನಿಕ್ ಕೆಲಸದಿಂದ ತೆಗೆಯಿತು. 2023ರ ಕೊನೆಯಲ್ಲಿ ಮರಿಯಿನ್ಸ್ಕಿಯ ಜೊತೆಗೆ ಬೊಲ್ಶೊಯ್ ರಂಗಮಂದಿರದ ಹೊಣೆಯೂ ಅವರಿಗೆ ಸಿಕ್ಕಿತು.

ಇಂಥ ಕಚೇರಿಯ ವಿಡಿಯೋ ಎದುರಿಗೆ ಬಂದಾಗ ಕಣ್ಣು ಮುಚ್ಚಿ ಕೇಳುವುದಕ್ಕಿಂತ ಕಣ್ಣು ತೆರೆದು ನೋಡುವುದು ಒಳ್ಳೆಯದು. ತಾರೀಕು ಯಾವುದರ ಮರುದಿನದ್ದು? ಮೊದಲ ಮಾತು ಯಾರದು? ನುಡಿಸಬೇಕಾಗಿದ್ದ ಯಾರು ಅಲ್ಲಿಲ್ಲ?

1931ರ ಮೇ ತಿಂಗಳಲ್ಲಿ ಬೊಲೋನ್ಯಾದಲ್ಲಿ ಫ್ಯಾಸಿಸ್ಟರ ಗೀತೆ ನುಡಿಸಲು ಒಪ್ಪದ ಟೊಸ್ಕನೀನಿ ರಂಗಮಂದಿರದ ಬಾಗಿಲಲ್ಲೇ ಹೊಡೆತ ತಿಂದರು. ಲೋಕಪ್ರಸಿದ್ಧರಾಗಿದ್ದ ಅವರಿಗೆ ದೇಶ ಬಿಟ್ಟು ಹೋಗುವ ದಾರಿ ಇತ್ತು. ಉಕ್ರೇನಿನ ಖೆರ್ಸೊನ್ ನಗರದ ನಿರ್ದೇಶಕ ಯೂರಿ ಕೆರ್ಪಟೆಂಕೊ ರಷ್ಯದ ಆಕ್ರಮಣದ ಬಳಿಕವೂ ಊರು ಬಿಟ್ಟಿರಲಿಲ್ಲ. ಅಲ್ಲಿ ಶಾಂತಿಯುತ ಬದುಕು ಮರಳಿದೆ ಎಂದು ತೋರಿಸಲು 2022ರ ಅಕ್ಟೋಬರ್ 1ಕ್ಕೆ ಆಕ್ರಮಿತ ಆಡಳಿತ ಗೊತ್ತು ಮಾಡಿದ್ದ ಕಚೇರಿಯಲ್ಲಿ ಅವರ ವಾದ್ಯವೃಂದ ನುಡಿಸಬೇಕಿತ್ತು. ಅವರು ಒಲ್ಲೆ ಎಂದರು. ಉಕ್ರೇನಿನ ಸಂಸ್ಕೃತಿ ಸಚಿವಾಲಯದ ಪ್ರಕಾರ ರಷ್ಯನ್ ಸೈನಿಕರು ಅವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು.